ಗಣಿತ ತರಗತಿಯಲ್ಲಿ ಆಗುತ್ತಿರುವ ಬದಲಾವಣೆ: ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ, ನಮಸ್ಕಾರ.

ಮುಂದಿನ ವಾರದಿಂದ ನಾಲ್ಕು ಮತ್ತು ಐದನೇ ತರಗತಿಗಳ ಗಣಿತದ ಪೀರಿಯಡ್ ವಾರಕ್ಕೆ ಮೂರು ದಿನ ಬೇರೆ ರೀತಿಯಲ್ಲಿ ನಡೆಯುತ್ತದೆ. ನಿಮ್ಮ ಮಗು ಮನೆಗೆ ತರುವ ವರ್ಕ್‌ಶೀಟ್ ಅದೇ ತರಗತಿಯ ಗೆಳೆಯನದಕ್ಕಿಂತ ಬೇರೆಯಾಗಿರಬಹುದು. ಒಬ್ಬರಿಗೆ ಹನ್ನೆರಡು ಲೆಕ್ಕ, ಇನ್ನೊಬ್ಬರಿಗೆ ನಾಲ್ಕೇ ಇರಬಹುದು. ಇದು ಶಿಕ್ಷಕರ ಕಣ್ತಪ್ಪಲ್ಲ, ಪಕ್ಷಪಾತವೂ ಅಲ್ಲ. ಯಾಕೆ ಹೀಗೆ ಎಂಬುದಕ್ಕೆ ಒಂದೇ ಒಂದು ಲೆಕ್ಕ ನೋಡಿದರೆ ಸಾಕು.

402ರಿಂದ 178 ಕಳೆದರೆ 224. ಮೂವರು ಮಕ್ಕಳು 376, 234, 134 ಎಂದು ಬರೆದಿದ್ದಾರೆ ಎಂದುಕೊಳ್ಳಿ. ಮಾರ್ಕ್ಸ್ ಮೂವರಿಗೂ ಸೊನ್ನೆ. ಆದರೆ 376 ಬರೆದ ಮಗು ಮೇಲಿನ ಅಂಕಿ ಯಾವುದು, ಕೆಳಗಿನದು ಯಾವುದು ಎಂದು ನೋಡದೆ ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. 234 ಬರೆದ ಮಗುವಿಗೆ ಸಾಲ ಪಡೆಯುವುದು ಗೊತ್ತು. ನೂರರ ಸ್ಥಾನದಿಂದ ಹತ್ತು ದಶಕ ತಂದು, ಒಂದನ್ನು ಬಿಡಿ ಸ್ಥಾನಕ್ಕೆ ಕೊಟ್ಟು, ಇನ್ನು ಒಂಬತ್ತೇ ಉಳಿದಿವೆ ಎಂಬುದನ್ನು ಮಾತ್ರ ಮರೆತಿದೆ. 134 ಬರೆದ ಮಗು ನಡುವಿನ ಸೊನ್ನೆಯನ್ನು ಹಾರಿ, ನೂರರಿಂದ ಸೀದಾ ಬಿಡಿ ಸ್ಥಾನಕ್ಕೆ ಸಾಲ ತಂದು, ಹತ್ತರ ಸ್ಥಾನಕ್ಕೂ ಮತ್ತೆ ನೂರನ್ನೇ ಒಡೆದಿದೆ. ಮೊದಲನೆಯ ಮಗುವಿಗೆ ಹತ್ತು ಹತ್ತರ ಕಡ್ಡಿ ಕಟ್ಟುಗಳನ್ನು ಬಿಚ್ಚಿ ಎಣಿಸುವ ಕೆಲಸ ಬೇಕು. ಎರಡನೆಯದಕ್ಕೆ ಸೊನ್ನೆಯ ಮೇಲೆ 10, ಅದನ್ನು ಹೊಡೆದು 9 ಎಂದು ಬರೆಯುವ ಅಭ್ಯಾಸವಾದರೆ ಸಾಕು. ಮೂರನೆಯದಕ್ಕೆ ಸ್ಥಾನಬೆಲೆಯ ಪಾಠವೇ ಮತ್ತೊಮ್ಮೆ ಆಗಬೇಕು. ಮೂವರಿಗೂ ಒಂದೇ ಬಗೆಯ ಇಪ್ಪತ್ತು ಲೆಕ್ಕ ಕೊಟ್ಟರೆ, ತಮ್ಮ ತಮ್ಮ ತಪ್ಪನ್ನೇ ಇಪ್ಪತ್ತು ಸಲ ಗಟ್ಟಿ ಮಾಡಿಕೊಂಡು ಬರುತ್ತಾರೆ.

ವೈಯಕ್ತೀಕೃತ ಕಲಿಕೆ ಎಂದು ನಾವು ಕರೆಯುತ್ತಿರುವುದು ಇಷ್ಟನ್ನೇ: ತಪ್ಪಿನ ಮೂಲ ಹುಡುಕುವುದು, ಅಲ್ಲಿಂದ ಕಲಿಸುವುದು, ಮತ್ತೆ ಪರೀಕ್ಷಿಸಿ ನೋಡುವುದು. ಮೂವತ್ತಾರು ಮಕ್ಕಳಿಗೆ ಮೂವತ್ತಾರು ಪಾಠ ಎಂಬ ಅರ್ಥವಲ್ಲ. ಅದನ್ನು ಯಾವ ಶಿಕ್ಷಕರಿಂದಲೂ ಕೇಳಬಾರದು.

ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಮೊದಲ ಹತ್ತು ನಿಮಿಷ ಎಲ್ಲರಿಗೂ ಒಂದೇ ಪಾಠ, ಆಯಾ ತರಗತಿಯ ಮಟ್ಟದ್ದೇ. ಇದನ್ನು ಬಿಡುವಂತಿಲ್ಲ; ಹಿಂದುಳಿದ ಮಗುವಿಗೆ ಹಿಂದಿನ ಪಾಠವನ್ನಷ್ಟೇ ಕೊಡುತ್ತಾ ಹೋದರೆ ಅದು ತರಗತಿಯ ಪಾಠವನ್ನು ಎಂದೂ ಕಾಣುವುದೇ ಇಲ್ಲ. ಆಮೇಲೆ ಹನ್ನೆರಡು ನಿಮಿಷಗಳ ಎರಡು ಸುತ್ತು. ಪ್ರತಿ ಸುತ್ತಿನಲ್ಲಿ ಶಿಕ್ಷಕರು ಒಂದೇ ಬಗೆಯ ತಪ್ಪು ಮಾಡಿದ ಐದಾರು ಮಕ್ಕಳ ಜೊತೆ ಕೂರುತ್ತಾರೆ, ಉಳಿದವರು ತಮ್ಮ ವರ್ಕ್‌ಶೀಟ್ ಮಾಡುತ್ತಾರೆ. ಕೊನೆಯ ಆರು ನಿಮಿಷ ಒಂದು ಸಣ್ಣ ಚೀಟಿಯಲ್ಲಿ ಎರಡು ಪ್ರಶ್ನೆಗೆ ಉತ್ತರ. ಶಿಕ್ಷಕರು ಆ ಚೀಟಿಗಳಿಗೆ ಮಾರ್ಕ್ಸ್ ಹಾಕುವುದಿಲ್ಲ, ಮೂರು ಗುಡ್ಡೆ ಮಾಡುತ್ತಾರೆ: ಸರಿ ಬಂದವು, ತಪ್ಪು ಎಲ್ಲಿ ಎಂದು ಗೊತ್ತಾಗುವವು, ಏನೂ ಬರೆಯದವು. ನಾಳೆ ಯಾರು ಯಾರ ಜೊತೆ ಕೂರಬೇಕೆಂಬುದು ಮುಖ್ಯವಾಗಿ ಆ ಗುಡ್ಡೆಗಳಿಂದ ತೀರ್ಮಾನವಾಗುತ್ತದೆ.

ಈ ಕ್ರಮ ಕೆಡುವುದು ಹೆಚ್ಚಾಗಿ ಶಿಕ್ಷಕರು ಕೂತ ಗುಂಪಿನಲ್ಲಲ್ಲ, ಉಳಿದ ಮೂವತ್ತು ಮಕ್ಕಳಲ್ಲಿ. ‘ಟೀಚರ್, ಇದೇನು?’ ಎಂದು ಒಬ್ಬೊಬ್ಬರೇ ಎದ್ದು ಬಂದರೆ ಹನ್ನೆರಡು ನಿಮಿಷ ಅಲ್ಲಿಗೇ ಮುಗಿಯಿತು. ಆದ್ದರಿಂದ ಮೊದಲ ಎರಡು ವಾರ ಹೊಸ ವಿಷಯ ಹೆಚ್ಚೇನೂ ಇರುವುದಿಲ್ಲ. ಪ್ರಶ್ನೆಯನ್ನು ಎರಡು ಸಲ ಓದುವುದು, ಬಿಡಿಸಿ ತೋರಿಸಿರುವ ಮಾದರಿ ಲೆಕ್ಕ ನೋಡುವುದು, ಪಕ್ಕದವರನ್ನು ಮೆಲ್ಲಗೆ ಕೇಳುವುದು, ಆಗಲೂ ತಿಳಿಯದಿದ್ದರೆ ಗುರುತು ಹಾಕಿ ಮುಂದಿನ ಲೆಕ್ಕಕ್ಕೆ ಹೋಗುವುದು, ಇವುಗಳ ಅಭ್ಯಾಸವೇ ನಡೆಯುತ್ತದೆ. ‘ಎರಡು ವಾರದಿಂದ ಪಾಠವೇ ಆಗಿಲ್ಲ’ ಎಂದು ಮಗು ಹೇಳಿದರೆ ಗಾಬರಿಯಾಗಬೇಡಿ.

ಗುಂಪುಗಳಿಗೆ ಹೆಸರಿಲ್ಲ. ಜಾಣರ ಬೆಂಚು, ದಡ್ಡರ ಬೆಂಚು ಎಂಬುದು ಮಕ್ಕಳ ಬಾಯಲ್ಲಿ ಹುಟ್ಟಲು ಒಂದು ವಾರವೂ ಬೇಡ. ಗುಂಪು ಬದಲಾಗುತ್ತಲೇ ಇದ್ದರೆ ಮಾತ್ರ ಅದು ನಿಲ್ಲುತ್ತದೆ. ಕಳೆಯುವ ಲೆಕ್ಕದಲ್ಲಿ ಶಿಕ್ಷಕರ ಪಕ್ಕ ಕೂತ ಮಗು ರೇಖಾಗಣಿತದಲ್ಲಿ ಬೇರೆಯವರಿಗೆ ಹೇಳಿಕೊಡುತ್ತಿರಬಹುದು. ಒಂದೇ ಮಗು ಸತತವಾಗಿ ಮೂರು ಪಾಠಗಳಲ್ಲಿ ನೆರವಿನ ಗುಂಪಿನಲ್ಲೇ ಉಳಿದರೆ ಕಾರಣವನ್ನು ಗಣಿತದ ಹೊರಗೂ ಹುಡುಕುತ್ತೇವೆ. ನಾವೇ ಪ್ರಶ್ನೆ ಓದಿ ಹೇಳಿದಾಗ ಸರಿ ಮಾಡಿದರೆ ತೊಡಕು ಓದುವುದರಲ್ಲಿದೆ. ಬೋರ್ಡಿನಿಂದ ಬರೆದುಕೊಳ್ಳುವಾಗ ಮಾತ್ರ ಅಂಕಿ ತಪ್ಪಿದರೆ ಕಣ್ಣು ತೋರಿಸಲು ನಿಮಗೆ ಹೇಳುತ್ತೇವೆ.

ಬೇಗ ಮುಗಿಸುವ ಮಕ್ಕಳ ಪೋಷಕರಿಗೆ ಒಂದು ಮಾತು. ಅದೇ ಬಗೆಯ ಇನ್ನೂ ಹತ್ತು ಲೆಕ್ಕ ಕೊಡುವುದು ಜಾಣತನಕ್ಕೆ ದಂಡ ಹಾಕಿದಂತೆ. ಅಂಥವರಿಗೆ ಲೆಕ್ಕ ಕಡಿಮೆ, ಯೋಚನೆ ಹೆಚ್ಚು: ‘ಉತ್ತರ 224 ಬರುವ, ಮೇಲಿನ ಸಂಖ್ಯೆಯ ಹತ್ತರ ಸ್ಥಾನದಲ್ಲಿ ಸೊನ್ನೆ ಇರುವ, ಎರಡು ಸಲ ಸಾಲ ಪಡೆಯಲೇಬೇಕಾದ ಮೂರು ಲೆಕ್ಕ ನೀನೇ ಮಾಡು.’ ನೀವೂ ಒಮ್ಮೆ ಪ್ರಯತ್ನಿಸಿ ನೋಡಿ, ಅಷ್ಟು ಸುಲಭವಲ್ಲ.

ಟ್ಯಾಬ್ ಬಗ್ಗೆ ಹಲವರು ಕೇಳುತ್ತೀರಿ. ವಾರಕ್ಕೊಂದು ಸುತ್ತು ಮಾತ್ರ ಬಳಸುತ್ತೇವೆ. ಉತ್ತರ ತಪ್ಪಿದಾಗ ಸುಲಭದ ಪ್ರಶ್ನೆಗೆ ಇಳಿಯುವ ಆ್ಯಪ್ ಅಭ್ಯಾಸಕ್ಕೆ ಒಳ್ಳೆಯದೇ. ಆದರೆ ನಾಲ್ಕು ಆಯ್ಕೆ ಇದ್ದಲ್ಲಿ ಕಣ್ಣು ಮುಚ್ಚಿ ಒತ್ತಿದರೂ ನಾಲ್ಕರಲ್ಲಿ ಒಂದು ಸರಿಯಾಗುತ್ತದೆ, ತಪ್ಪು ಹೇಗಾಯಿತು ಎಂಬುದು ಪರದೆಯ ಮೇಲೆ ಕಾಣುವುದೂ ಇಲ್ಲ. ಹಾಗಾಗಿ ಆ್ಯಪ್ ತೋರಿಸುವ ಸ್ಕೋರ್ ಒಂದನ್ನೇ ನಂಬಿ ಯಾವ ಮಗುವಿನ ಗುಂಪನ್ನೂ ಬದಲಿಸುವುದಿಲ್ಲ.

‘ನನ್ನ ಮಗ ನೋಡಿ ಕಲಿಯುವವನು, ಕೇಳಿ ಕಲಿಯುವವನಲ್ಲ’ ಎಂದು ಕೆಲವರು ಬರೆದು ಕಳಿಸಿದ್ದೀರಿ. ಮಕ್ಕಳನ್ನು ಹಾಗೆ ವಿಂಗಡಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದು ಮನೋವಿಜ್ಞಾನಿಗಳು 2008ರಲ್ಲೇ ಸಂಶೋಧನೆಗಳನ್ನು ಒಟ್ಟಾಗಿ ಪರಿಶೀಲಿಸಿ ಹೇಳಿದ್ದಾರೆ. ಚಿತ್ರವೂ ಮಾತೂ ಎಲ್ಲ ಮಕ್ಕಳಿಗೂ ಬೇಕು. ಹಾಗಾದರೆ ಟ್ಯೂಷನ್ನೇ ಮೇಲಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಒಬ್ಬರಿಗೊಬ್ಬರು ಕೂತು ಕಲಿಸಿದರೆ ಲಾಭ ದೊಡ್ಡದು ಎಂದು ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದರು. ನಂತರದ ಅಧ್ಯಯನಗಳಲ್ಲಿ ಕಂಡ ಲಾಭ ಅಷ್ಟು ದೊಡ್ಡದಲ್ಲ. ಆದರೆ ಅವರ ನಿಜವಾದ ಪ್ರಶ್ನೆ, ಅದರ ಫಲವನ್ನು ತುಂಬಿದ ತರಗತಿಯೊಳಗೆ ತರುವುದು ಹೇಗೆ ಎಂಬುದು. ಪರೀಕ್ಷಿಸು, ತಿದ್ದು, ಮತ್ತೆ ಪರೀಕ್ಷಿಸು, ಆಮೇಲೆ ಮುಂದೆ ಹೋಗು ಎಂಬ ಭಾಗವನ್ನು ತರಗತಿಯಲ್ಲೂ ಮಾಡಬಹುದು. ಎಲ್ಲ ಮಕ್ಕಳನ್ನೂ ಕೂರಿಸಿಕೊಂಡು ಅದನ್ನೇ ಹತ್ತು ಸಲ ಹೇಳುವ ಟ್ಯೂಷನ್‌ನಲ್ಲಿ ಆ ಭಾಗ ಇರುವುದಿಲ್ಲ.

ಇಷ್ಟೆಲ್ಲ ಶಿಕ್ಷಕರ ಮೇಲೆ ಹೊರೆಯಾಗುತ್ತದೆ. ಎಲ್ಲ ವಿಷಯಗಳಲ್ಲೂ ಒಟ್ಟಿಗೇ ಶುರುಮಾಡಿದರೆ ತಿಂಗಳೊಳಗೆ ಸುಸ್ತಾಗಿ ಎಲ್ಲವೂ ನಿಂತುಹೋಗುತ್ತದೆ. ಅದಕ್ಕೇ ಈಗ ಗಣಿತ ಮಾತ್ರ. ವರ್ಕ್‌ಶೀಟುಗಳನ್ನು ಎರಡೂ ವಿಭಾಗದ ಶಿಕ್ಷಕರು ಹಂಚಿಕೊಂಡು ತಯಾರಿಸುತ್ತಾರೆ, ಒಮ್ಮೆ ಮಾಡಿದ್ದು ಮುಂದಿನ ವರ್ಷಕ್ಕೂ ಫೈಲಿನಲ್ಲಿರುತ್ತದೆ. ಬುಧವಾರದ ಕೊನೆಯ ಪೀರಿಯಡ್‌ನಲ್ಲಿ ಮಕ್ಕಳು ಆಟದಲ್ಲಿರುವಾಗ ಗಣಿತ ಶಿಕ್ಷಕರು ಆ ವಾರದ ಚೀಟಿಗಳನ್ನು ಮುಂದಿಟ್ಟುಕೊಂಡು ಕೂರುತ್ತಾರೆ. ದಯವಿಟ್ಟು ಆ ಸಮಯದಲ್ಲಿ ಅವರನ್ನು ಭೇಟಿಗೆ ಕೇಳಬೇಡಿ. ಅವರ ಕೆಲಸ ಹಗುರವಾಗಲೆಂದು ಪ್ರತಿ ಲೆಕ್ಕಕ್ಕೂ ಕೆಂಪು ಟಿಕ್ ಹಾಕುವುದನ್ನು ನಿಲ್ಲಿಸಿದ್ದೇವೆ. ಟಿಕ್ ಇಲ್ಲದ ಪುಟ ಕಂಡರೆ ನೋಡಿಲ್ಲ ಎಂದು ತಿಳಿಯಬೇಡಿ.

ಮನೆಯಲ್ಲಿ ದಯವಿಟ್ಟು ಹೋಂವರ್ಕನ್ನು ತಿದ್ದಿ ಕಳಿಸಬೇಡಿ. ನೀವು ತಿದ್ದಿದ ಹಾಳೆ ನಮಗೆ ‘ಈ ಮಗುವಿಗೆ ಬರುತ್ತದೆ’ ಎನ್ನುತ್ತದೆ, ಮರುದಿನ ಮಗು ತನಗೆ ಬೇಡದ ಗುಂಪಿನಲ್ಲಿ ಕೂರುತ್ತದೆ. ಒಂದೇ ಲೆಕ್ಕಕ್ಕೆ ಹತ್ತು ನಿಮಿಷ ದಾಟಿದರೆ ಅಲ್ಲಿಗೇ ನಿಲ್ಲಿಸಿ, ಎಲ್ಲಿ ಸಿಕ್ಕಿಕೊಂಡಿತು ಎಂದು ಅಂಚಿನಲ್ಲಿ ಒಂದು ಸಾಲು ಬರೆಯಿರಿ. ನಮಗೆ ಪೂರ್ತಿ ಮಾಡಿದ ಪುಟಕ್ಕಿಂತ ಆ ಸಾಲೇ ಹೆಚ್ಚು ಉಪಯುಕ್ತ. ನಿಮ್ಮಲ್ಲಿ ಕೆಲವರು ಕಳೆಯುವಾಗ ಮೇಲಿನ ಅಂಕಿಗೆ ಹತ್ತು ಸೇರಿಸಿ, ಕೆಳಗಿನ ಮುಂದಿನ ಅಂಕಿಗೆ ಒಂದು ಕೂಡಿಸುವ ಕ್ರಮ ಕಲಿತಿರುತ್ತೀರಿ. ಅದು ಸರಿಯಾದ ಕ್ರಮವೇ. ಆದರೆ ಶಾಲೆಯಲ್ಲಿ ಮೇಲಿನ ಅಂಕಿಯಿಂದ ಒಂದು ತೆಗೆಯುವುದನ್ನು ಕಲಿಯುತ್ತಿರುವ ಮಗುವಿಗೆ ಇದನ್ನು ನಡುವೆ ಹೇಳಿದರೆ, ಎರಡನ್ನೂ ಬೆರೆಸಿ ಮೇಲೆ ಒಂದು ಕಳೆದು ಕೆಳಗೆ ಒಂದು ಕೂಡಿಸಿಬಿಡುತ್ತದೆ. ಶಾಲೆಯ ಕ್ರಮ ಗಟ್ಟಿಯಾದ ಮೇಲೆ ಬೇಕಾದರೆ ತೋರಿಸಿ.

ಪರೀಕ್ಷೆ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಅದರಲ್ಲಿ ಬದಲಾವಣೆಯಿಲ್ಲ. ಪೋಷಕರ ಸಭೆಯಲ್ಲಿ ಮಾರ್ಕ್ಸ್ ಕಾರ್ಡಿನ ಜೊತೆಗೆ ನಿಮ್ಮ ಮಗುವಿನ ಚೀಟಿಗಳ ಫೈಲೂ ಮೇಜಿನ ಮೇಲಿರುತ್ತದೆ. ಮೊದಲ ವಾರದ ಚೀಟಿಯನ್ನೂ ಕೊನೆಯದನ್ನೂ ತೆಗೆದುನೋಡಿ, ಯಾವ ಬಗೆಯ ತಪ್ಪು ಹೋಗಿದೆ, ಯಾವುದು ಇನ್ನೂ ಉಳಿದಿದೆ ಎಂದು ಶಿಕ್ಷಕರನ್ನೇ ಕೇಳಿ.

ಈ ಪತ್ರದ ಜೊತೆಗಿರುವ ಹಾಳೆಯಲ್ಲಿ ಮೂರು ಪ್ರಶ್ನೆಗಳಿವೆ: ಮಗುವಿಗೆ ಕನ್ನಡಕ ಅಥವಾ ಕಿವಿಯ ತೊಂದರೆ ಇದೆಯೇ, ಕಳೆದ ವರ್ಷ ದೀರ್ಘವಾಗಿ ರಜೆ ಹಾಕಿದ್ದರೆ ಯಾವ ತಿಂಗಳಲ್ಲಿ, ಹೋಂವರ್ಕಿಗೆ ಈಗ ದಿನಕ್ಕೆ ಎಷ್ಟು ಹೊತ್ತು ಹಿಡಿಯುತ್ತಿದೆ. ಉತ್ತರಿಸಿ, ಸೋಮವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ.

ಇಂತಿ,
ಮುಖ್ಯೋಪಾಧ್ಯಾಯರು