ನಮ್ಮ ರಸ್ತೆಯಲ್ಲಿ ವೇಗ ಮೂವತ್ತಕ್ಕೆ ಇಳಿಸಿಕೊಡಿ: ಕಾರು ಪ್ರಿಯರ ಮನವಿ

ಇವರಿಗೆ,
ಮಾನ್ಯ ಆಯುಕ್ತರು,
ನಗರ ಪಾಲಿಕೆ, ಬೆಂಗಳೂರು

ಪ್ರತಿ: ಮಾನ್ಯ ಉಪ ಪೊಲೀಸ್ ಆಯುಕ್ತರು, ಸಂಚಾರ ವಿಭಾಗ, ಬೆಂಗಳೂರು

ಇವರಿಂದ,
ಕನಕಪುರ ರಸ್ತೆ ಮತ್ತು ನೈಸ್ ರಸ್ತೆ ಕೂಡುವ ಕಡೆಯಲ್ಲಿರುವ ನಮ್ಮ ಬಡಾವಣೆಯ ಕಾರು ಮಾಲೀಕರು ಮತ್ತು ನಿವಾಸಿಗಳು

ವಿಷಯ: ಬಡಾವಣೆಯ ಅರವತ್ತಡಿ ರಸ್ತೆಯಲ್ಲಿ ವಾಹನಗಳ ವೇಗವನ್ನು ಗಂಟೆಗೆ 30 ಕಿ.ಮೀ.ಗೆ ಇಳಿಸುವುದು ಮತ್ತು ರಸ್ತೆಯನ್ನು ಅದಕ್ಕೆ ತಕ್ಕಂತೆ ಸರಿಪಡಿಸುವ ಬಗ್ಗೆ.

ಮಾನ್ಯರೇ,

ನಾವು ಕಾರಿನ ಹುಚ್ಚು ಹತ್ತಿಸಿಕೊಂಡವರು. ಇದನ್ನು ಮೊದಲೇ ಹೇಳಿಬಿಡುತ್ತೇವೆ. ನಮ್ಮಲ್ಲಿ ಒಬ್ಬರ ಮನೆಯಲ್ಲಿ ಅವರ ತಂದೆ ಕೊಂಡ ಪ್ರೀಮಿಯರ್ ಪದ್ಮಿನಿ ಇನ್ನೂ ಓಡುತ್ತಿದೆ. ಇನ್ನೊಬ್ಬರು ಹಳೇ ಮಾರುತಿ 800ರ ಕಾರ್ಬ್ಯುರೇಟರ್ ಬಿಚ್ಚಿ, ತೊಳೆದು, ಅರ್ಧ ಗಂಟೆಯಲ್ಲಿ ಮತ್ತೆ ಕೂರಿಸುತ್ತಾರೆ. ಭಾನುವಾರ ಬೆಳಗ್ಗೆ ಐದೂವರೆಗೆ ಹೊರಟು, ನೈಸ್ ರಸ್ತೆ ಹಿಡಿದು, ಮೈಸೂರು ರಸ್ತೆಗೆ ಇಳಿದು, ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಒಂಬತ್ತಕ್ಕೆಲ್ಲ ಮನೆ ಸೇರುವುದು ನಮ್ಮ ವಾರದ ದೊಡ್ಡ ಖುಷಿ. ಆ ಖುಷಿಯಿಂದ ನಮ್ಮದೇ ಬೀದಿಯವರಿಗೆ ಏನಾಗುತ್ತಿದೆ ಅಂತ ಗೊತ್ತಾಗಲು ನಮಗೆ ತಡವಾಯಿತು. ಅದಕ್ಕಾಗಿಯೇ ಈ ಪತ್ರ.

ನಮ್ಮ ಅರವತ್ತಡಿ ರಸ್ತೆ ಸುಮಾರು 1.2 ಕಿ.ಮೀ. ಉದ್ದ. ನೇರವಾಗಿದೆ, ಸಿಗ್ನಲ್ ಇಲ್ಲ. ಕನಕಪುರ ರಸ್ತೆಯ ದಟ್ಟಣೆ ತಪ್ಪಿಸಲು ಬೇರೆ ಕಡೆಯವರೂ ಇಲ್ಲೇ ನುಗ್ಗುತ್ತಾರೆ. ಎರಡು ಬದಿಯಲ್ಲೂ ಮನೆಗಳಿವೆ. ಮಧ್ಯದಲ್ಲಿ ಒಂದು ಶಾಲೆ, ಬೇಕರಿ, ಬಸ್ ಸ್ಟಾಪ್, ತರಕಾರಿ ಗಾಡಿಗಳು. ಬೆಳಗ್ಗೆ ಮತ್ತು ರಾತ್ರಿ ಇಲ್ಲಿ ಅರವತ್ತು, ಎಪ್ಪತ್ತರಲ್ಲಿ ಕಾರು ಓಡಿಸುವುದು ಮಾಮೂಲಿಯಾಗಿದೆ. ಓಡಿಸುವವರಲ್ಲಿ ನಾವೂ ಇದ್ದೆವು.

ಈ ಪತ್ರ ಬರೆಯುತ್ತಿರುವ ನಾನು ಕಳೆದ ಮಳೆಗಾಲಕ್ಕೆ ಮುಂಚೆ ಒಂದು ಸಂಜೆ ಮನೆಗೆ ಬರುತ್ತಿದ್ದೆ. ಕಾರು ಕೊಂಡು ಎರಡು ತಿಂಗಳಾಗಿತ್ತು. ಅರವತ್ತರ ಹತ್ತಿರ ಹೋಗುತ್ತಿದ್ದೆ. ಎರಡನೇ ಅಡ್ಡರಸ್ತೆಯ ಮೂಲೆಯಲ್ಲಿ ತರಕಾರಿ ಚೀಲ ಹಿಡಿದ ಒಬ್ಬ ಹಿರಿಯ ಹೆಂಗಸು ರಸ್ತೆಗೆ ಕಾಲಿಟ್ಟರು. ಪೂರ್ತಿ ಬ್ರೇಕ್ ಒತ್ತಿದೆ. ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡಿತು, ಕಾರು ಅವರಿಂದ ಒಂದು ಮಾರು ದೂರದಲ್ಲಿ ನಿಂತಿತು. ಆದರೆ ಅವರು ಗಾಬರಿಯಲ್ಲಿ ಹಿಂದಕ್ಕೆ ಸರಿದು, ಮುರಿದ ಫುಟ್‌ಪಾತ್ ಚಪ್ಪಡಿಯ ಮೇಲೆ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್‌ನಲ್ಲಿದ್ದರು. ನನ್ನ ಕಾರು ಅವರಿಗೆ ತಾಗಿರಲಿಲ್ಲ. ಆದರೂ ತಪ್ಪು ನನ್ನದೇ.

ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. "ನೀನು ಬಂದಿದ್ದು ಕಾಣ್ಲೇ ಇಲ್ಲ ಕಣಪ್ಪ. ಆ ಮುಸುಕು ಹಾಕಿದ ಕಾರು ಅಡ್ಡ ಇತ್ತು. ಅದನ್ನ ದಾಟಿ ನೋಡೋ ಹೊತ್ತಿಗೆ ಮೈಮೇಲೆ ಬಂದಿದ್ದೆ" ಅಂದರು. ಆ ಮುಸುಕಿನ ಕಾರು ನಮ್ಮ ಗುಂಪಿನ ಗೆಳೆಯರೊಬ್ಬರ ಹಳೇ ಕಾಂಟೆಸ್ಸಾ. ಮುಂದೆ ಯಾವಾಗಲಾದರೂ ರಿಪೇರಿ ಮಾಡಿಸೋಣ ಅಂತ ವರ್ಷದಿಂದ ಆ ಮೂಲೆಯಲ್ಲಿ ಕವರ್ ಹಾಕಿ ನಿಲ್ಲಿಸಿದ್ದರು. ಕಾರನ್ನು ಪ್ರೀತಿಸುವ ಇಬ್ಬರು ಸೇರಿ ಒಬ್ಬ ಅಮ್ಮನ ಕೈ ಮುರಿದಂತಾಯಿತು.

ಮುಂದಿನ ಭಾನುವಾರ ನಾವು ಬಿಡದಿಗೆ ಹೋಗಲಿಲ್ಲ. ಅಳತೆ ಟೇಪು, ಸೀಮೆಸುಣ್ಣ ತೆಗೆದುಕೊಂಡು ಅದೇ ಮೂಲೆಗೆ ಹೋದೆವು. ಕಣ್ಣಿಗೆ ಬಿದ್ದದ್ದು ಕಾಲಿಗೆ ತಲುಪಲು ಒಂದು ಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳಿ. ರಸ್ತೆ ಒಣಗಿದೆ, ಟೈರು ಚೆನ್ನಾಗಿದೆ. 30 ಕಿ.ಮೀ. ವೇಗದಲ್ಲಿದ್ದ ಕಾರು ಪೂರ್ತಿ ನಿಲ್ಲಲು ಸುಮಾರು 13 ಮೀಟರ್ ಬೇಕು. 60ರಲ್ಲಿದ್ದರೆ ಸುಮಾರು 37 ಮೀಟರ್. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಓಡುವ ದೂರ ನಾಲ್ಕು ಪಟ್ಟಾಗುತ್ತದೆ. ಇದು ನಮಗೆಲ್ಲ ಓದಿ ಗೊತ್ತಿದ್ದ ವಿಷಯ. ರಸ್ತೆ ಮೇಲೆ ಗೆರೆ ಎಳೆದು ನೋಡಿದಾಗ ಮಾತ್ರ ಹೆದರಿಕೆಯಾಯಿತು. 37 ಮೀಟರ್ ಗೆರೆ ಬೇಕರಿಯಿಂದ ಶುರುವಾಗಿ ಶಾಲೆಯ ಗೇಟಿಗೆ ಹೋಗಿ ಮುಟ್ಟಿತು. ಮಳೆ ಬಂದರೆ ಇನ್ನೂ ಜಾಸ್ತಿ.

ಇಷ್ಟು ಅವಸರ ಮಾಡಿ ಉಳಿಸುವುದೇನು? 1.2 ಕಿ.ಮೀ. ರಸ್ತೆಯನ್ನು 60ರಲ್ಲಿ ದಾಟಲು 72 ಸೆಕೆಂಡ್ ಬೇಕು. 30ರಲ್ಲಿ 144 ಸೆಕೆಂಡ್. ಒಂದೂಕಾಲು ನಿಮಿಷವೂ ಉಳಿಯುವುದಿಲ್ಲ. ಮುಂದೆ ಕನಕಪುರ ರಸ್ತೆಯ ಸಿಗ್ನಲ್‌ನಲ್ಲಿ ಅದೂ ಕರಗಿಹೋಗುತ್ತದೆ.

ಕಾರು ಕೊಳ್ಳುವಾಗ ನಾವೆಲ್ಲ ಸುರಕ್ಷತೆಯ ಸ್ಟಾರ್ ಎಣಿಸುತ್ತೇವೆ. 2023ರ ಅಕ್ಟೋಬರ್‌ನಿಂದ ನಮ್ಮ ದೇಶದಲ್ಲೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಶುರುವಾಗಿರುವುದು ತುಂಬಾ ಒಳ್ಳೆಯದು. ಅದರಲ್ಲಿ ಕಾರನ್ನು 64 ಕಿ.ಮೀ. ವೇಗದಲ್ಲಿ ಮುಂದಿನ ತಡೆಗೆ ಗುದ್ದಿಸಿ, ಒಳಗೆ ಕೂತವರಿಗೆ ಏನಾಗುತ್ತದೆ ಅಂತ ನೋಡುತ್ತಾರೆ. ಆ ಸ್ಟಾರ್‌ಗಳು ಒಳಗಿರುವವರ ಲೆಕ್ಕ. ತರಕಾರಿ ಚೀಲ ಹಿಡಿದು ರಸ್ತೆ ದಾಟುವವರಿಗೆ ಯಾವ ಏರ್‌ಬ್ಯಾಗ್ ಇದೆ? ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು, 32,825 ಮಂದಿ ನಡೆದು ಹೋಗುತ್ತಿದ್ದವರು. ಈ ಸಾವುಗಳಲ್ಲಿ ಹೆಚ್ಚಿನವಕ್ಕೆ ಅತಿ ವೇಗವೇ ಕಾರಣ ಅಂತ ಅದೇ ಲೆಕ್ಕ ಹೇಳುತ್ತದೆ.

ನಮ್ಮಂಥವರಲ್ಲಿ ಇನ್ನೊಂದು ಮಾತು ಆಗಾಗ ಬರುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ. ಹತ್ತು ಲಕ್ಷ ದಾಟಿದ ಕಾರಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ನೂರಕ್ಕೆ 17, ಇಪ್ಪತ್ತು ಲಕ್ಷ ದಾಟಿದರೆ 18. ಅದರ ಮೇಲೆ ಸೆಸ್ ಬೇರೆ. ಇಷ್ಟು ಕಟ್ಟಿದ ಮೇಲೆ ರಸ್ತೆ ನಮ್ಮದು ಅನ್ನಿಸಿಬಿಡುತ್ತದೆ. ಆ ಅಮ್ಮನ ಕೈ ನೋಡಿದ ಮೇಲೆ ಈ ಮಾತು ಆಡಲು ನಮಗೆ ನಾಚಿಕೆಯಾಗುತ್ತದೆ. ರಸ್ತೆ ಅವರದೂ ಹೌದು ಅಲ್ವಾ?

ಮಾನ್ಯರೇ, ಈಗ ನಮ್ಮ ಕೋರಿಕೆಗೆ ಬರುತ್ತೇವೆ. ಮೋಟಾರು ವಾಹನ ಕಾಯ್ದೆ 1988ರ 112ನೇ ಕಲಂ ಪ್ರಕಾರ, ಸಾರ್ವಜನಿಕರ ಸುರಕ್ಷತೆಗಾಗಿ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರ ಒಂದು ರಸ್ತೆಯ ವೇಗ ಮಿತಿ ಇಳಿಸಿ ಫಲಕ ಹಾಕಬಹುದು. ನಮ್ಮ ಅರವತ್ತಡಿ ರಸ್ತೆಗೆ 30 ಕಿ.ಮೀ. ಮಿತಿ ನಿಗದಿ ಮಾಡಿಸಿಕೊಡಿ. ಈ ಸಂಖ್ಯೆ ನಾವು ಸುಮ್ನೆ ಹೇಳಿದ್ದಲ್ಲ. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಜಾಗತಿಕ ರಸ್ತೆ ಸುರಕ್ಷತಾ ಸಮ್ಮೇಳನದ ಘೋಷಣೆಯಲ್ಲೂ, ನಡೆಯುವವರು ಮತ್ತು ವಾಹನಗಳು ಬೆರೆಯುವ ಕಡೆ 30 ಕಿ.ಮೀ. ಮಿತಿ ಇರಬೇಕು ಅಂತಿದೆ.

ಆದರೆ ಫಲಕ ಒಂದೇ ಸಾಲದು. ಸ್ಟೀರಿಂಗ್ ಹಿಂದೆ ಕೂತು ವರ್ಷಗಟ್ಟಲೆ ಓಡಿಸಿದವರಾಗಿ ಇದನ್ನು ಹೇಳುತ್ತಿದ್ದೇವೆ. ಅಗಲವಾದ, ನೇರವಾದ, ಗೆರೆಯಿಲ್ಲದ ಖಾಲಿ ರಸ್ತೆ ಕಂಡರೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಕ್ಯಾಮೆರಾ ಹಾಕಿದರೆ ಕ್ಯಾಮೆರಾ ಮುಂದೆ ಮಾತ್ರ ನಿಧಾನ ಮಾಡುತ್ತೇವೆ. ರಸ್ತೆಯೇ ನಮ್ಮನ್ನು ನಿಧಾನ ಮಾಡಿಸಬೇಕು. ರೆಸಿಡೆನ್ಸಿ ರಸ್ತೆಯಲ್ಲಿ ಟೆಂಡರ್ ಶೂರ್ ಯೋಜನೆಯಲ್ಲಿ ಮಾಡಿದ ಹಾಗೆ ಉದ್ದಕ್ಕೂ ಒಂದೇ ಅಗಲದ ಲೇನ್, ನಡೆಯಲು ಆಗುವ ಫುಟ್‌ಪಾತ್ ಇಲ್ಲಿಗೂ ಬೇಕು. ಅಷ್ಟು ದೊಡ್ಡ ಕೆಲಸಕ್ಕೆ ಹಣ, ಸಮಯ ಬೇಕು ಅಂತ ನಮಗೆ ಗೊತ್ತು. ಸದ್ಯಕ್ಕೆ ಬಿಳಿ ಬಣ್ಣದ ಲೇನ್ ಗೆರೆ, ಅಂಚಿನ ಗೆರೆ ಎಳೆಸಿ, ಮುರಿದ ಚಪ್ಪಡಿ ಬದಲಿಸಿಕೊಟ್ಟರೂ ದೊಡ್ಡ ಉಪಕಾರ.

ಹಂಪ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಈಗ ಇರುವ ಎರಡು ಹಂಪ್‌ಗಳನ್ನು ಯಾರು ಯಾವಾಗ ಹಾಕಿದರೋ ನಮಗೆ ತಿಳಿಯದು. ಗೋಡೆ ಎದ್ದ ಹಾಗೆ ಚೂಪಾಗಿವೆ, ಬಣ್ಣವಿಲ್ಲ, ಮುನ್ಸೂಚನೆ ಫಲಕವಿಲ್ಲ. ತಗ್ಗಿನ ಕಾರುಗಳ ಹೊಟ್ಟೆ ಉಜ್ಜುತ್ತದೆ. ಹಾಗಾಗಿ ಅದನ್ನು ತಪ್ಪಿಸಲು ಚಾಲಕರು ಪೂರ್ತಿ ಎಡ ಅಂಚಿಗೋ, ಎದುರು ಬದಿಗೋ ಎಳೆಯುತ್ತಾರೆ. ಅಲ್ಲೇ ಬೈಕಿನವರು ಸಿಕ್ಕಿಹಾಕಿಕೊಳ್ಳುತ್ತಾರೆ. ರಾತ್ರಿ ಮಳೆಯಲ್ಲಿ ಗೊತ್ತಿಲ್ಲದೆ ಬಂದ ಸ್ಕೂಟರ್ ಸವಾರರು ಬಿದ್ದದ್ದನ್ನು ನಾವೇ ಎತ್ತಿ ಕೂರಿಸಿದ್ದೇವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ಮಾರ್ಗಸೂಚಿಯಲ್ಲಿ ಹಂಪ್ ಹೇಗಿರಬೇಕು ಅಂತ ಸ್ಪಷ್ಟವಾಗಿದೆ. 17 ಮೀಟರ್ ತ್ರಿಜ್ಯದ ದುಂಡು ಉಬ್ಬು, 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಕಾರು 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟುತ್ತದೆ, ಅದಕ್ಕಿಂತ ಜಾಸ್ತಿ ಇದ್ದರೆ ಚಾಲಕನಿಗೆ ಕುಲುಕುತ್ತದೆ. ಅದರ ಮೇಲೆ ಕಪ್ಪು ಬಿಳಿ ಪಟ್ಟೆ, ಮುಂಚೆಯೇ ಕಾಣುವ ಫಲಕ, ರಾತ್ರಿ ಹೊಳೆಯುವ ಕ್ಯಾಟ್ ಐ. ಹಳೆಯ ಎರಡನ್ನೂ ಕಿತ್ತು ಈ ಅಳತೆಯಲ್ಲಿ ಮಾಡಿಸಿಕೊಡಿ. ಶಾಲೆಯ ಮುಂದೆ ಮಾತ್ರ ಹಂಪ್ ಬದಲು ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿದ ಜೀಬ್ರಾ ಕ್ರಾಸಿಂಗ್ ಬೇಕು. ಮಕ್ಕಳು ಕೆಳಗಿಳಿಯದೆ ದಾಟುತ್ತಾರೆ, ಕಾರು ಮೇಲೆ ಹತ್ತಿ ಇಳಿಯಬೇಕಾಗುತ್ತದೆ. ಈ ಒಂದು ಕೆಲಸ ಮೊದಲು ಆಗಬೇಕು ಅನ್ನುವುದು ನಮ್ಮ ಕಳಕಳಿ.

ಅಡ್ಡರಸ್ತೆಗಳ ಮೂಲೆಗಳಲ್ಲಿ ವಾಹನ ನಿಲ್ಲಿಸದಂತೆ ಹಳದಿ ಗೆರೆ, ಚಿಕ್ಕ ಕಂಬಗಳನ್ನು ಹಾಕಿಸಿ. ನಮ್ಮ ಪಾಲಿನದನ್ನು ನಾವು ಆಗಲೇ ಮಾಡಿದ್ದೇವೆ. ಕಾಂಟೆಸ್ಸಾ ಈಗ ಗ್ಯಾರೇಜಿನಲ್ಲಿದೆ. ಕವರ್ ಹಾಕಿ ರಸ್ತೆಯಲ್ಲಿದ್ದ ಇನ್ನೆರಡು ಕಾರುಗಳನ್ನು ಮಾಲೀಕರು ಮನೆಯೊಳಗೆ ಸೇರಿಸಿದ್ದಾರೆ. ನಿಲ್ಲಿಸಲು ಜಾಗ ಇಲ್ಲದಿದ್ದರೆ ಎರಡನೇ ಕಾರು ಕೊಳ್ಳುವುದಿಲ್ಲ ಅಂತ ನಮ್ಮೊಳಗೆ ಮಾತಾಗಿದೆ. ಉಳಿದವರ ಕಾರುಗಳಿಗೆ ನಾವು ಹೇಳಿದರೆ ನಡೆಯುವುದಿಲ್ಲ, ನೀವೇ ಹೇಳಬೇಕು.

ಸಂಚಾರ ಪೊಲೀಸರಲ್ಲಿ ನಮ್ಮ ಕೋರಿಕೆ ಬೇರೆ. ಭಾನುವಾರ ಬೆಳಗ್ಗೆ ಐದರಿಂದ ಏಳರವರೆಗೆ ನೈಸ್ ರಸ್ತೆ ಕಡೆಯ ತುದಿಯಲ್ಲಿ ತಪಾಸಣೆ ಇಡಿ. ಸೈಲೆನ್ಸರ್ ಬದಲಿಸಿ ಪಟಾಕಿ ಹೊಡೆದ ಹಾಗೆ ಸದ್ದು ಮಾಡುತ್ತಾ ಬರುವ ಕಾರು, ಬೈಕುಗಳಿಂದ ಹಸುಗೂಸುಗಳು, ಕಾಯಿಲೆಯವರು ಬೆಚ್ಚಿ ಏಳುತ್ತಾರೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಅಂತ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ನಮ್ಮ ಗುಂಪಿನ ಇಬ್ಬರು ಕಂಪನಿ ಸೈಲೆನ್ಸರ್ ಮತ್ತೆ ಹಾಕಿಸಿಕೊಂಡಿದ್ದಾರೆ. ನಮ್ಮನ್ನೂ ನಿಲ್ಲಿಸಿ ನೋಡಿ, ಬೇಸರವಿಲ್ಲ.

ಹದಿನೆಂಟು ತುಂಬದ ಹುಡುಗರು ಕಾರು ತೆಗೆಯುವುದು ಇಲ್ಲೂ ಇದೆ. ಸಿಕ್ಕಿಬಿದ್ದರೆ 199ಎ ಕಲಂ ಪ್ರಕಾರ ಪೋಷಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಹುಡುಗನಿಗೆ 25 ವರ್ಷ ವಯಸ್ಸು ತುಂಬುವವರೆಗೆ ಲೈಸೆನ್ಸ್ ಇಲ್ಲ. ಎಷ್ಟೋ ತಂದೆತಾಯಿಗೆ ಇದು ಗೊತ್ತೇ ಇಲ್ಲ. ನಿಮ್ಮ ಸಿಬ್ಬಂದಿ ಒಬ್ಬರು ಬಂದು ಹೇಳಿದರೆ ಜನ ಸೇರಿಸುವ ಹೊಣೆ ನಮ್ಮದು.

ಕೊನೆಯದಾಗಿ ನಮ್ಮವರಿಗೆ, ಅಂದರೆ ವೇಗ ಇಷ್ಟಪಡುವವರಿಗೆ, ಒಂದು ದಾರಿ ಬೇಕು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ಕಾರು ರ‍್ಯಾಲಿ ನೋಡುತ್ತಾ ನಮ್ಮಲ್ಲಿ ಕೆಲವರು ಬೆಳೆದಿದ್ದೇವೆ. ರ‍್ಯಾಲಿಯಲ್ಲಿ ವೇಗದ ಸ್ಪೆಷಲ್ ಸ್ಟೇಜ್ ನಡೆಯುವುದು ಮುಚ್ಚಿದ ದಾರಿಯಲ್ಲಿ. ಒಂದು ಸ್ಟೇಜ್‌ನಿಂದ ಇನ್ನೊಂದಕ್ಕೆ ಹೋಗುವಾಗ ಅದೇ ಚಾಲಕ ಎಲ್ಲರ ಹಾಗೆ ಸಂಚಾರ ನಿಯಮ ಪಾಲಿಸಬೇಕು, ಮುರಿದರೆ ದಂಡ ಬೀಳುತ್ತದೆ. ನಮ್ಮ ಹುಡುಗರಿಗೆ ಈ ಅರ್ಧ ಭಾಗ ಯಾರೂ ಕಲಿಸಿಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಎಂಟು ಬರೆದು, ರಿವರ್ಸ್ ಹಾಕಿ ಲೈಸೆನ್ಸ್ ತಗೊಂಡವರಿಗೆ ಜೀಬ್ರಾ ಮುಂದೆ ನಿಲ್ಲುವುದು, ಎದುರು ವಾಹನ ಕಂಡಾಗ ಹೈ ಬೀಮ್ ಇಳಿಸುವುದು, ಹಿಂದೆ ಕೂತವರಿಗೂ ಬೆಲ್ಟ್ ಹಾಕಿಸುವುದು ರೂಢಿಯಾಗಿಲ್ಲ. ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ಹತ್ತಿರದ ಮೈದಾನ ಬಿಟ್ಟುಕೊಡಿ. ಬ್ರೇಕ್ ಹಿಡಿಯುವುದು, ಮಳೆಯಲ್ಲಿ ಕಾರು ಹಿಡಿತದಲ್ಲಿ ಇಡುವುದನ್ನು ಪೊಲೀಸರ ಎದುರಲ್ಲೇ ಕಲಿಸೋಣ. ಕೋನ್, ನೀರಿನ ಟ್ಯಾಂಕರ್, ಕಾರು ಎಲ್ಲ ನಾವು ತರುತ್ತೇವೆ. ಸೀಮೆಸುಣ್ಣದ ಆ ಎರಡು ಗೆರೆಯನ್ನು ಪ್ರತಿ ಬಾರಿಯೂ ಎಳೆದು ತೋರಿಸುತ್ತೇವೆ.

ದಯವಿಟ್ಟು ಒಬ್ಬ ಎಂಜಿನಿಯರ್ ಮತ್ತು ಒಬ್ಬ ಸಂಚಾರ ಅಧಿಕಾರಿಯನ್ನು ಒಟ್ಟಿಗೆ ಸ್ಥಳಕ್ಕೆ ಕಳಿಸಿಕೊಡಿ. ಶಾಲೆ ಬಿಡುವ ಹೊತ್ತಿಗೆ ಬಂದರೆ ಒಳ್ಳೆಯದು. ರಸ್ತೆಯ ನಕ್ಷೆ, ಹಂಪ್‌ಗಳ ಅಳತೆ ಮತ್ತು ಫೋಟೋಗಳನ್ನು ಜೊತೆಗಿಟ್ಟಿದ್ದೇವೆ.

ಸಹಿ ಪಟ್ಟಿಯೂ ಇದೆ. ಅದರಲ್ಲಿ ಮೊದಲ ಸಹಿ ಎರಡನೇ ಅಡ್ಡರಸ್ತೆಯ ಆ ಅಮ್ಮನವರದು. ಮಣಿಕಟ್ಟು ಇನ್ನೂ ಪೂರ್ತಿ ತಿರುಗುವುದಿಲ್ಲ, ಹಾಗಾಗಿ ಅಕ್ಷರ ಸೊಟ್ಟಗಿದೆ. ನಾವು ಪಕ್ಕದಲ್ಲಿ ನಿಂತಿದ್ದೆವು, ಅವರೇ ಬರೆದದ್ದು.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿಗಳು,
ಬಡಾವಣೆಯ ಕಾರು ಮಾಲೀಕರು ಮತ್ತು ನಿವಾಸಿಗಳು
ಬೆಂಗಳೂರು