ಯಾರಿಗೆ ಹೋಲಿಸಿ?

ಪ್ರಿಯ ಸುಮಾ ಅವರಿಗೆ,

ನಮಸ್ಕಾರ. ಪ್ರೌಢಶಾಲೆಯ ಮಕ್ಕಳಿಗೆ ವಿಮರ್ಶಾತ್ಮಕ ಚಿಂತನೆಯನ್ನು ಕಲಿಸುವ ನಿಮ್ಮ ಪುಸ್ತಕಕ್ಕೆ ಒಳ್ಳೆಯ ಉದಾಹರಣೆ ಕೇಳಿದ್ದೀರಿ. ಅಮೆರಿಕದ ‘ಕ್ರ್ಯಾಕ್ ಬೇಬಿ’ ಪ್ರಕರಣವನ್ನು ಬರೆಯಿರಿ. ಕ್ರ್ಯಾಕ್ ಎಂದರೆ ಕೊಕೇನ್ ಎಂಬ ಮಾದಕ ವಸ್ತುವಿನ ಸೇದುವ ರೂಪ; ತಾಯಿ ಗರ್ಭಿಣಿಯಾಗಿದ್ದಾಗ ಅದನ್ನು ಬಳಸಿದರೆ ಮಗು ಬದುಕಿಡೀ ಕುಂದುಳ್ಳದ್ದಾಗುತ್ತದೆ ಎಂದು ನಂಬಿ ಅಂಥ ಮಕ್ಕಳಿಗೆ ಅಂಟಿಸಿದ ಹೆಸರು ಇದು.

1985ರಲ್ಲಿ ಡಾ. ಐರಾ ಚಾಸ್ನಾಫ್ ಮತ್ತು ಸಂಗಡಿಗರು, ಗರ್ಭಿಣಿಯರಾಗಿದ್ದಾಗ ಕೊಕೇನ್ ಬಳಸಿದ್ದ ಕೇವಲ 23 ಮಹಿಳೆಯರ ಅಧ್ಯಯನವನ್ನು ಪ್ರಕಟಿಸಿ, ಕೊಕೇನ್ ಶಿಶುಗಳಿಗೆ ಹಾನಿ ಮಾಡಬಹುದೆಂದು ಸೂಚಿಸಿದರು. ಅದರ ಬೆನ್ನಿಗೇ ಟಿವಿಯ ತುಂಬ ನಳಿಕೆ, ತಂತಿಗಳ ನಡುವೆ ನಡುಗುವ ಪುಟ್ಟ ಶಿಶುಗಳು ಕಾಣಿಸಿಕೊಂಡವು. 1989ರಲ್ಲಿ ಅಂಕಣಕಾರ ಚಾರ್ಲ್ಸ್ ಕ್ರೌತ್‌ಹ್ಯಾಮರ್, ಹುಟ್ಟಿನಿಂದಲೇ ಕುಂದುಳ್ಳ ಒಂದು ಕೆಳವರ್ಗವೇ ಬೆಳೆಯುತ್ತಿದೆ ಎಂದು ಬರೆದರು. ಆದರೆ ಅಂಥ ನಡುಕ, ಅಷ್ಟು ಸಣ್ಣ ಮೈ, ದಿನ ತುಂಬುವ ಮೊದಲೇ ಹುಟ್ಟಿದ ಯಾವ ಕೂಸಿನಲ್ಲಾದರೂ ಕಾಣಬಹುದು.

ಫಿಲಡೆಲ್ಫಿಯಾದ ಡಾ. ಹಾಲಮ್ ಹರ್ಟ್ ಆ ಕೂಸುಗಳನ್ನು ಯಾರಿಗೆ ಹೋಲಿಸಬೇಕು ಎಂಬುದನ್ನು ಮೊದಲು ನಿಶ್ಚಯಿಸಿಕೊಂಡರು. ಅದೇ ನಗರದ ಬಡ ಕುಟುಂಬಗಳಲ್ಲಿ ದಿನ ತುಂಬಿ ಅಥವಾ ಹೆಚ್ಚುಕಡಿಮೆ ತುಂಬಿ ಹುಟ್ಟಿದ 224 ಶಿಶುಗಳನ್ನು, ತಾಯಿ ಕೊಕೇನ್ ಬಳಸಿದ್ದವರು ಮತ್ತು ಬಳಸದವರು ಎಂದು ಎರಡು ಗುಂಪು ಮಾಡಿ, ವರ್ಷಗಟ್ಟಲೆ ಅನುಸರಿಸಿದರು. ನಾಲ್ಕನೇ ವಯಸ್ಸಿನಲ್ಲಿ ಮೊದಲ ಗುಂಪಿನ ಸರಾಸರಿ ಬುದ್ಧಿಸೂಚ್ಯಂಕ (ಐಕ್ಯೂ; ಸಾಮಾನ್ಯ ಸರಾಸರಿ 100) 79, ಎರಡನೆಯದರದು 81.9, ಅಂದರೆ ಎರಡೂ ಗುಂಪುಗಳು ಒಂದೇ ರೀತಿ ಹಿಂದುಳಿದಿದ್ದವು. ಏಳು ವರ್ಷ ತುಂಬುವಷ್ಟರಲ್ಲಿ ಆ ಮಕ್ಕಳಲ್ಲಿ ಬಹುಪಾಲು ಗುಂಡಿನ ಸದ್ದು ಕೇಳಿದ್ದವು, ಕೆಲವು ಬೀದಿಯಲ್ಲಿ ಹೆಣವನ್ನೂ ಕಂಡಿದ್ದವು. ಈ ಒಂದು ಪ್ಯಾರಾಕ್ಕೆ ನಿಮ್ಮ ಪುಸ್ತಕದಲ್ಲಿ ಇಡೀ ಅಧ್ಯಾಯವನ್ನೇ ಕೊಡಿ. ಎರಡನೆಯ ಗುಂಪು ಇಲ್ಲದಿದ್ದರೆ ಬಡತನದ ಹೊಣೆಯೆಲ್ಲ ತಾಯಂದಿರ ತಲೆಗೇ ಬೀಳುತ್ತಿತ್ತು ಎಂಬುದನ್ನು ವಿದ್ಯಾರ್ಥಿಗಳು ತಾವಾಗಿಯೇ ಕಂಡುಕೊಳ್ಳಲಿ.

ಹೊಣೆ ಬಿದ್ದದ್ದು ಮಾತಿನಲ್ಲಿ ಮಾತ್ರವಲ್ಲ. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಗರ್ಭಿಣಿಯರ ಮೂತ್ರವನ್ನು ಪರೀಕ್ಷಿಸಿ ಫಲಿತಾಂಶವನ್ನು ಪೊಲೀಸರಿಗೆ ಒಪ್ಪಿಸಲಾಗುತ್ತಿತ್ತು. ಬಂಧಿತರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಪ್ಪು ಮಹಿಳೆಯರೇ. ಒಪ್ಪಿಗೆಯಿಲ್ಲದ ಅಂಥ ಪರೀಕ್ಷೆ ಸಂವಿಧಾನಬಾಹಿರವೆಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ. ‘ಕ್ರ್ಯಾಕ್ ಬೇಬಿ’ ಎಂಬ ಹಣೆಪಟ್ಟಿಯನ್ನು ಕೈಬಿಡುವಂತೆ ವೈದ್ಯರು, ವಿಜ್ಞಾನಿಗಳು ಸೇರಿ ಮಾಧ್ಯಮಗಳಿಗೆ ಬಹಿರಂಗ ಪತ್ರ ಬರೆದದ್ದು 2004ರಲ್ಲಿ. ಅಷ್ಟರಲ್ಲಿ ಆ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿ ವರ್ಷಗಳೇ ಕಳೆದಿದ್ದವು.

ಇನ್ನೊಂದು ಎಚ್ಚರಿಕೆ. ಕೊಕೇನ್ ನಿರಪಾಯಕಾರಿ ಎಂದು ಮಾತ್ರ ಬರೆಯಬೇಡಿ. ಶಿಶುವಿನ ತೂಕ ಕಡಿಮೆಯಾಗುವ, ಹೆರಿಗೆಗೆ ಮೊದಲೇ ಮಾಸು ಬೇರ್ಪಡುವ ಅಪಾಯ ನಿಜವಾದದ್ದೇ. ಮದ್ಯದಿಂದ ಭ್ರೂಣಕ್ಕಾಗುವ ಹಾನಿಯನ್ನು 1973ರಲ್ಲೇ ವೈದ್ಯರು ಹೆಸರಿಟ್ಟು ವಿವರಿಸಿದ್ದರು. ಆದರೂ ಅದು ಪತ್ರಿಕೆಗಳ ಮುಖಪುಟದಲ್ಲಿ ಅಷ್ಟು ಜಾಗ ಪಡೆಯಲಿಲ್ಲ. ಹಾಗೇಕಾಯಿತು ಎಂಬ ಪ್ರಶ್ನೆಯನ್ನು ಅಭ್ಯಾಸದ ಪುಟದಲ್ಲಿ ಸೇರಿಸಿ, ಉತ್ತರವನ್ನು ಅಚ್ಚು ಹಾಕಿಸಬೇಡಿ.