ದೊಡ್ಡ ಟಿಸಿ ಇಳಿಯುತ್ತದೆ, ನಾಲ್ಕು ಸಣ್ಣವು ಏರುತ್ತವೆ

ಮಾನ್ಯ ಸದಸ್ಯರೇ,

ಬರುವ ತಿಂಗಳು ನಿಮ್ಮ ಬಡಾವಣೆಯ 100 ಕೆವಿಎ (ಹೊರಬಲ್ಲ ಲೋಡಿನ ಅಳತೆ) ಟಿಸಿಯನ್ನು, ಅಂದರೆ ಟ್ರಾನ್ಸ್‌ಫಾರ್ಮರನ್ನು ಇಳಿಸಿ, 25 ಕೆವಿಎಯ ನಾಲ್ಕು ಸಣ್ಣ ಟಿಸಿಗಳನ್ನು ಮನೆಗಳ ಹತ್ತಿರದ ಕಂಬಗಳಿಗೇ ಏರಿಸುತ್ತಿದ್ದೇವೆ. ಚೆನ್ನಾಗಿರುವುದನ್ನು ಯಾಕೆ ಕೀಳುತ್ತೀರಿ ಎಂದು ಹಲವರು ಕೇಳಿದ್ದೀರಿ. ಟಿಸಿ ಚೆನ್ನಾಗಿಯೇ ಇದೆ. ತೊಂದರೆ ಇರುವುದು ಅದರಿಂದ ಮುಂದಿನ ತಂತಿಯಲ್ಲಿ.

ಕೊನೇ ಕಂಬದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂಜೆ ಏಳಕ್ಕೆ ನಮ್ಮ ಲೈನ್‌ಮ್ಯಾನ್ ಅಲ್ಲಿ ಮೀಟರ್ ಹಿಡಿದರೆ 180 ವೋಲ್ಟ್, ಟಿಸಿ ಪಕ್ಕದ ಮನೆಯಲ್ಲಿ 230. ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲ. ಪಂಪು ಗುಂಯ್ ಎನ್ನುತ್ತಾ ನಿಂತಲ್ಲೇ ಬಿಸಿಯಾಗುತ್ತದೆ.

ವಿದ್ಯುತ್ ಕೇಂದ್ರದಲ್ಲಿ 220 ಅಥವಾ 400 ಕಿಲೋವೋಲ್ಟ್‌ಗೆ ಏರಿದ ಕರೆಂಟು ನೂರಾರು ಕಿಲೋಮೀಟರ್ ಬಂದು, ಸಬ್‌ಸ್ಟೇಷನ್‌ಗಳಲ್ಲಿ ಹಂತ ಹಂತವಾಗಿ ಇಳಿದು, 11 ಕಿಲೋವೋಲ್ಟ್ ಆಗಿ ನಮ್ಮನ್ನು ಮುಟ್ಟುತ್ತದೆ. ಅಷ್ಟು ದೂರ ಆಗದ ಫಜೀತಿ ಕೊನೆಯ ಕೆಲವೇ ಕಂಬಗಳಲ್ಲಿ ಆಗುತ್ತದೆ, ಏಕೆಂದರೆ ಟಿಸಿ ದಾಟಿದ ಮೇಲೆ ಅದು ಬರೀ 400 ವೋಲ್ಟ್ (ಮೂರು ಫೇಸಿನ ಲೆಕ್ಕ; ಮನೆಗೆ ಬರುವ ಒಂದು ಫೇಸ್ 230). 20 ಕಿಲೋವ್ಯಾಟ್ ಲೋಡ್‌ಗೆ 11 ಕಿಲೋವೋಲ್ಟ್ ಲೈನಿನಲ್ಲಿ ಸುಮಾರು 1 ಆಂಪಿಯರ್ ಹರಿದರೆ ಸಾಕು. 400 ವೋಲ್ಟಿನಲ್ಲಿ 29 ಬೇಕು. ಆಂಪಿಯರ್ ಹೆಚ್ಚಿದಷ್ಟೂ ವೋಲ್ಟ್ ದಾರಿಯಲ್ಲೇ ಇಳಿಯುತ್ತದೆ, ಕೊನೇ ಕಂಬದ 180 ಬಂದದ್ದು ಹೀಗೆ. ಆಂಪಿಯರ್ ಎರಡರಷ್ಟಾದರೆ ತಂತಿ ಬಿಸಿಯಾಗಿ ಹಾಳಾಗುವ ವಿದ್ಯುತ್ ನಾಲ್ಕರಷ್ಟು. ಈ ಲೆಕ್ಕದಲ್ಲಿ ಅದೇ ತಂತಿ, ಅದೇ ದೂರಕ್ಕೆ ನಷ್ಟ ಸುಮಾರು 750 ಪಟ್ಟು. ಅದಕ್ಕೇ 11 ಕಿಲೋವೋಲ್ಟನ್ನು ಆದಷ್ಟು ನಿಮ್ಮ ಹತ್ತಿರ ತಂದು, 400 ವೋಲ್ಟಿನ ದಾರಿಯನ್ನು ಎರಡು ಮೂರು ಕಂಬಕ್ಕೆ ಮುಗಿಸುತ್ತಿದ್ದೇವೆ.

ಇದರಲ್ಲೂ ಕೊರತೆ ಇಲ್ಲದಿಲ್ಲ. ಯಾರೂ ಸ್ವಿಚ್ ಹಾಕದಿದ್ದರೂ ಟಿಸಿ ತಾನೇ ಒಂದಿಷ್ಟು ವಿದ್ಯುತ್ ತಿನ್ನುತ್ತದೆ. ನಾಲ್ಕು ಸೇರಿದರೆ ಒಂದು ದೊಡ್ಡದಕ್ಕಿಂತ ತುಸು ಹೆಚ್ಚೇ. ತಂತಿಯಲ್ಲಿ ಆಗುವ ಉಳಿತಾಯದ ಮುಂದೆ ಅದು ಸಣ್ಣದು. ರಾತ್ರಿ ಸದ್ದಡಗಿದ ಮೇಲೆ ಕಂಬದಿಂದ ಸಣ್ಣಗೆ ಗುಂಯ್‌ಗುಡುವುದು ಕೇಳಿದರೆ ಗಾಬರಿ ಬೇಡ.

ಹೊಸ ಮೋಟಾರು ಹಾಕುವ ಮುಂಚೆ ಮಾತ್ರ ದಯವಿಟ್ಟು ತಿಳಿಸಿ. ದೊಡ್ಡ ಟಿಸಿ ಅದನ್ನು ಹೇಗೋ ತಡೆದುಕೊಳ್ಳುತ್ತಿತ್ತು, 25 ಕೆವಿಎಗೆ ಆ ಮೈ ಇಲ್ಲ. ಫ್ಯೂಸ್ ಹೋದರೆ ಇನ್ನು ಕತ್ತಲಾಗುವುದು ಇಡೀ ಬಡಾವಣೆಯಲ್ಲ, ನಿಮ್ಮ ಸುತ್ತಲಿನ ಹತ್ತು ಹನ್ನೆರಡು ಮನೆ. (ಇಷ್ಟು ದಿನ ಬೈಗುಳ ನಮಗೆ ಬರುತ್ತಿತ್ತು, ಇನ್ನು ಅಕ್ಕಪಕ್ಕದವರು ನಿಮ್ಮನ್ನೇ ವಿಚಾರಿಸಿಕೊಂಡಾರು.)

ಮನೆ ಮುಂದೆ ಹಾಯುವುದು ಇನ್ನು ಹನ್ನೊಂದು ಸಾವಿರ ವೋಲ್ಟ್. ಮುಟ್ಟಬೇಕೆಂದೇ ಇಲ್ಲ, ತೀರಾ ಹತ್ತಿರ ಹೋದರೂ ಹಾರಿ ಹೊಡೆಯುತ್ತದೆ. ಕೊಂಬೆ ತಂತಿಗೆ ತಾಗಿದ್ದರೆ ನೀವು ಕಡಿಯಬೇಡಿ, ಫೋನ್ ಮಾಡಿ. ಲೈನ್ ಆಫ್ ಮಾಡಿಸಿ ನಾವೇ ಕಡಿಯುತ್ತೇವೆ.

ಮೀಟರು, ದರ ಎರಡೂ ಇದ್ದಂತೆಯೇ ಇರುತ್ತವೆ. ಕೆಲಸದ ದಿನ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಕರೆಂಟು ಇರುವುದಿಲ್ಲ. ಯಾವ ದಿನ ಎಂಬುದನ್ನು ಮುಂಚೆಯೇ ಮನೆ ಮನೆಗೆ ತಿಳಿಸುತ್ತೇವೆ.

ಇಂತಿ,
ಕಾರ್ಯದರ್ಶಿ
ನಿಮ್ಮ ವಿದ್ಯುತ್ ಸಹಕಾರ ಸಂಘ